ಬಾಡಿಗೆ ಬಡಗಿ

ವಾಕರೂಸಾ ಹಳ್ಳದ ದಂಡೆ, ಕಾನ್ಸಸ್ ಸೀಮೆ
೧೮೫೫ ಫೆಬ್ರವರಿ ೨೦

ಅಕ್ಕಾ,

ನಾನು ಬದುಕಿದ್ದೇನೆ. ಇದನ್ನು ಮೊದಲಿಗೇ ಬರೆದದ್ದೇಕೆಂದರೆ ಮುಂದಿನ ಸಾಲು ಓದಿದ ಮೇಲೆ ನಿನಗೆ ಅನುಮಾನ ಬರಬಹುದು. ಡಿಸೆಂಬರಿನಲ್ಲಿ ನಾನು ಕೈಯಾರೆ ಕಟ್ಟಿದ ಮನೆ ನನ್ನ ಮೇಲೇ ಬಿತ್ತು. ಗೃಹಪ್ರವೇಶವೆಂದರೆ ಮನುಷ್ಯ ಮನೆಯೊಳಗೆ ಹೋಗುವುದು ಅಂದುಕೊಂಡಿದ್ದೆ. ಇಲ್ಲಿ ಮನೆಯೇ ಮನುಷ್ಯನೊಳಗೆ ಬರಲು ನೋಡಿತು. ಶಾಲೆಯಲ್ಲಿ ಬೆತ್ತ ಹಿಡಿದ ಕೈಗೆ ಕೊಡಲಿ ಒಗ್ಗುವುದಿಲ್ಲ ಎಂದು ನೀನು ರೈಲು ನಿಲ್ದಾಣದಲ್ಲೇ ಹೇಳಿದ್ದೆ. ಹೇಳಿದ್ದೆನಲ್ಲ ಎಂದು ಮತ್ತೆ ಬರೆಯುವ ಕಷ್ಟ ತೆಗೆದುಕೊಳ್ಳಬೇಡ.

ಇಲ್ಲಿ ನೆಲ ಹಿಡಿದವನು ಅದರ ಮೇಲೊಂದು ಮನೆ ಕಟ್ಟಿ ವಾಸ ಮಾಡಬೇಕು. ಆಗಲೇ ನೆಲ ಅವನದು. ಮುಂದಿನ ತಿಂಗಳು ಚುನಾವಣೆ. ಈ ಹೊಸ ಸೀಮೆಗೆ ಗುಲಾಮಗಿರಿ ಬೇಕೋ ಬೇಡವೋ, ಅಲ್ಲಿರುವವರೇ ಮತ ಹಾಕಿ ತೀರ್ಮಾನಿಸಿಕೊಳ್ಳಲಿ ಎಂದು ವಾಷಿಂಗ್ಟನ್ನಿನ ದೊಡ್ಡವರು ಕೈ ತೊಳೆದುಕೊಂಡಿದ್ದಾರೆ. ಬೇಡ ಎನ್ನುವುದಕ್ಕೆ ತಾನೇ ನಾನು ಇಷ್ಟು ದೂರ ಬಂದದ್ದು!

ಈಗ ಎರಡನೆಯ ಮನೆ ಏಳುತ್ತಿದೆ. ಬೀಳುವ ಯೋಚನೆ ಅದಕ್ಕಿದ್ದಂತಿಲ್ಲ. ಕಾರಣ ಐಶಮ್. ಮಿಸ್ಸೂರಿಯ ಗಡಿಯಲ್ಲಿ ಟಟ್ ಎಂಬ ರೈತರಿದ್ದಾರೆ. ನಾನು ಬಂದ ಹೊಸತರಲ್ಲಿ ಚಳಿಜ್ವರ ಹತ್ತಿದಾಗ ಮನೆಯಲ್ಲಿ ಮಲಗಿಸಿಕೊಂಡು ಗಂಜಿ ಕುಡಿಸಿದವರು. ಐಶಮ್ ಅವರ ಕಡೆಯವನು, ಬಡಗಿ. ಹೊಸವರ್ಷದ ದಿನ ನನ್ನ ಜೊತೆ ಬಂದ. ಮರವನ್ನು ಬೆರಳಿನಿಂದ ತಟ್ಟಿ, “ಇದು ತೊಲೆಗೆ, ಇದು ಒಲೆಗೆ” ಎನ್ನುತ್ತಾನೆ. ನಾನು ಆರಿಸಿದ್ದೆಲ್ಲ ಒಲೆಗೆ.

ಒಂದು ಸಣ್ಣ ಉಪಕಾರ ಮಾಡು. ನಿಮ್ಮ ಕಡೆಯ ಗಿರಣಿಗಳಲ್ಲಿ ಬೂದು ಬಣ್ಣದ ಒರಟು ಬಟ್ಟೆ ನೇಯುತ್ತಾರಂತೆ, ಅಗ್ಗದ್ದು. ಒಬ್ಬನಿಗೆ ಬೇಸಿಗೆಗೊಂದು, ಚಳಿಗಾಲಕ್ಕೊಂದು ಜೊತೆ ಆಗುವಷ್ಟು ಕಳಿಸು. ಕ್ರಿಸ್‌ಮಸ್ಸಿನೊಳಗೆ ಬೂಟು, ಟೋಪಿ, ಕಂಬಳಿಯೂ ಆಗಬೇಕು. ಅವನ್ನು ಇಲ್ಲೇ ಹೊಂದಿಸಿಕೊಳ್ಳುತ್ತೇನೆ.

ನಿನ್ನ ತಮ್ಮ
ಆರಿನ್

*

ಸ್ಯಾಂಡಿ ಬ್ರೂಕ್, ರೋಡ್ ಐಲೆಂಡ್
೧೮೫೫ ಮಾರ್ಚ್ ೧೮

ಬಿದ್ದ ಮನೆಯ ಕೆಳಗಿನಿಂದ ಎದ್ದ ವೀರನೇ,

ಹೇಳಿದ್ದೆನಲ್ಲ ಎಂದು ಬರೆಯಬೇಡ ಎಂದಿದ್ದೀಯ. ಬರೆಯುವುದಿಲ್ಲ. ಬರೆಯುವುದಿಲ್ಲ ಎಂದು ಬರೆದದ್ದನ್ನು ಮಾತ್ರ ಎರಡು ಸಲ ಓದಿಕೋ.

ನೀನು ಕೇಳಿದ ಬಟ್ಟೆಯನ್ನು ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ನನ್ನ ಮಗ್ಗದಲ್ಲೇ ಇಳಿಯುತ್ತದೆ. ಮೆತ್ತನೆಯ ಫ್ಲಾನಲ್ ಬಟ್ಟೆ ನೇಯುತ್ತೇನೆ ಎಂದು ಮನೆಯವರಿಗೆಲ್ಲ ಹೇಳಿದ್ದೆ. ಫ್ಲಾನಲ್ ನೇಯುವುದು ಪಕ್ಕದ ಕೋಣೆಯಲ್ಲಿ. ನಮ್ಮ ಬಟ್ಟೆಯನ್ನು ಮೇಲಿನವರು “ದಕ್ಷಿಣದ ಮಾಲು” ಅನ್ನುತ್ತಾರೆ. ಮಗ್ಗದ ಹುಡುಗಿಯರು “ಗುಲಾಮರ ಬಟ್ಟೆ” ಅನ್ನುತ್ತಾರೆ. ಹಾಸು ಹತ್ತಿಯದು, ಹೊಕ್ಕು ತೊಳೆಯದ ಉಣ್ಣೆಯದು. ನಮ್ಮ ಊರಿನಲ್ಲಿ ಇದನ್ನು ಕುದುರೆಗೂ ಹೊದಿಸುವುದಿಲ್ಲ. ದಕ್ಷಿಣದ ತೋಟದ ದೊರೆಗಳು ತಮ್ಮ ಆಳುಗಳಿಗೆಂದು ಗಂಟುಗಟ್ಟಲೆ ತರಿಸಿಕೊಳ್ಳುತ್ತಾರೆ, ಅಷ್ಟೇ. ಇಷ್ಟು ವರ್ಷಗಳಲ್ಲಿ ಇದನ್ನು ಬೇಕು ಎಂದು ಕೇಳಿದ ಮೊದಲ ಉತ್ತರದವನು, ಮೊದಲ ಯಾಂಕಿ, ನೀನು. ನನ್ನ ತಲೆಯೊಳಗೆ ಹುಳ ಬಿಟ್ಟಂತಾಗಿದೆ.

ಟಟ್ ಅವರ “ಕಡೆಯವನು” ಎಂದರೆ ಯಾವ ಕಡೆ? ಅಳಿಯನ ಕಡೆಯೋ, ಅಜ್ಜಿಯ ಕಡೆಯೋ? ಕೂಲಿ ಎಷ್ಟು ಎಂದು ಕೇಳುವುದಿಲ್ಲ, ಯಾರ ಕೈಗೆ ಕೊಡುತ್ತೀಯ ಎಂದು ಕೇಳುತ್ತೇನೆ. ದುಡಿಯುವ ಗಂಡಸು ತನ್ನ ಅಂಗಿಯ ಬಟ್ಟೆಯನ್ನು ತಾನೇ ಏಕೆ ಕೊಳ್ಳುವುದಿಲ್ಲ? ಮತ್ತೆ ಕ್ರಿಸ್‌ಮಸ್ಸಿಗೆ ಏನಾಗುತ್ತದೆ? ನಮ್ಮಲ್ಲಿ ಆ ದಿನವೂ ಗಿರಣಿಯ ಗಂಟೆ ಹೊಡೆಯುತ್ತದೆ, ಬೇರೇನೂ ಆಗುವುದಿಲ್ಲ.

ಮತ ಹಾಕಲು ಹೋದವನೇ, ನಮ್ಮ ಮನೆಯ ಮತ ಯಾವುದೆಂದು ನೆನಪಿದೆ ತಾನೇ? ಉತ್ತರ ಬರುವವರೆಗೆ ಬಟ್ಟೆ ಇಲ್ಲ.

ಫಿಲೀನಾ

*

ವಾಕರೂಸಾ
೧೮೫೫ ಏಪ್ರಿಲ್ ೧೨

ಅಕ್ಕಾ,

ಚುನಾವಣೆ ಆಯಿತು. ಈ ಸೀಮೆಯಲ್ಲಿ ಇರುವ ಜನಕ್ಕಿಂತ ಬಿದ್ದ ಮತಗಳೇ ಜಾಸ್ತಿ. ಗುಲಾಮಗಿರಿ ನಡೆಯುವ ಪಕ್ಕದ ಮಿಸ್ಸೂರಿಯಿಂದ ಬಂಡಿಗಟ್ಟಲೆ ಗಂಡಸರು ಬಂದರು, ಬಂದೂಕು, ಪಿಟೀಲು, ವಿಸ್ಕಿಯ ಪೀಪಾಯಿ ಸಮೇತ. ಗಡಿ ದಾಟಿದ್ದೇ ಗಡದ್ದಾಗಿ ಉಂಡು, ಗುಲಾಮಗಿರಿಯ ಪರ ಮತ ಹಾಕಿ, ಮಾರನೆಯ ದಿನ ಹಿಂದಕ್ಕೆ. ನಮ್ಮ ಟಟ್ ಬಿಡಾರ ಹೂಡಿದ್ದು ನನ್ನ ಅಂಗಳದಲ್ಲೇ. ಬೆಳಿಗ್ಗೆ ನನ್ನ ಕಾಫಿಯನ್ನೇ ಕುಡಿಯುತ್ತಾ ಕೂತಿದ್ದರು.

“ಟಟ್ ಅವರೇ, ನೀವು ಮಿಸ್ಸೂರಿಯವರು. ಇಲ್ಲಿ ಮತ ಹಾಕೋದು ಹೇಗೆ?” ಅಂದೆ.

“ನಿನ್ನೆ ರಾತ್ರಿ ನಾನು ಎಲ್ಲಿ ಮಲಗಿದ್ದೆ ಮೇಷ್ಟ್ರೇ? ಕಾನ್ಸಸ್‌ನಲ್ಲಿ. ಎಲ್ಲಿ ಗೊರಕೆ ಹೊಡೀತೀನೋ ಅದೇ ನನ್ ಊರು. ನೀನೇ ಕಿವಿಯಾರೆ ಕೇಳಿದೀಯ, ಬೇಕಾದ್ರೆ ಸಾಕ್ಷಿ ಹೇಳು!”

ಆಮೇಲೆ ಗೋಡೆಯ ಮೇಲೆ ಕೈಯಾಡಿಸಿ ನಕ್ಕರು. “ನಮ್ ಐಶಮ್ ಕಟ್ಟಿದ ಮನೇಲಿ ಕೂತ್ಕೊಂಡು ನಮ್ ವಿರುದ್ಧ ವೋಟ್ ಹಾಕ್ತೀಯ. ಹಾಕಪ್ಪ. ಗೋಡೆಗೇನೂ ಸಿಟ್ಟಿಲ್ಲ, ನನಗೂ ಇಲ್ಲ.”

ಸರಿ, ನೀನು ಕೇಳಿದ್ದಕ್ಕೆ ಬರುತ್ತೇನೆ. ಹೌದು, ಐಶಮ್ ಟಟ್ ಅವರ ಗುಲಾಮ. ನಾನು ಕೊಂಡಿಲ್ಲ, ಬಾಡಿಗೆಗೆ ತಂದಿದ್ದೇನೆ. ಹೊಸವರ್ಷದ ದಿನ ಆಳನ್ನು ಒಂದು ವರ್ಷಕ್ಕೆ ಬಾಡಿಗೆಗೆ ಕೊಡುವುದು ಇಲ್ಲಿಯ ಪದ್ಧತಿ. ಬಾಡಿಗೆ ಒಡೆಯನಿಗೆ ಸಲ್ಲುತ್ತದೆ. ಬಟ್ಟೆಬರೆ ಬಾಡಿಗೆಗೆ ತಂದವನ ಹೊಣೆ. ಕ್ರಿಸ್‌ಮಸ್ ಬಂದಾಗ ಹೊಸ ಬಟ್ಟೆ, ಬೂಟು, ಟೋಪಿ, ಕಂಬಳಿ ಹೊದಿಸಿ ಒಡೆಯನಿಗೆ ವಾಪಸು ಒಪ್ಪಿಸಬೇಕು. ಬಾಡಿಗೆಯ ಕುದುರೆ ಹತ್ತಿದ ಮಾತ್ರಕ್ಕೆ ಯಾರೂ ಕುದುರೆಯ ಒಡೆಯನಾಗುವುದಿಲ್ಲವಲ್ಲ? ಮನೆ ಇಲ್ಲದೆ ನೆಲವಿಲ್ಲ, ನೆಲವಿಲ್ಲದೆ ಇಲ್ಲಿ ನಿಲ್ಲಲಾಗದು, ನಿಲ್ಲದವನಿಗೆ ಮತವಿಲ್ಲ. ಗುಲಾಮಗಿರಿಯ ವಿರುದ್ಧ ಮತ ಹಾಕಲಿಕ್ಕೆಂದೇ ನಾನು ಇದನ್ನು ಮಾಡಿದ್ದು. ಬರೆದು ನೋಡಿದರೆ ಈ ವಾಕ್ಯ ಮನಸ್ಸಿನಲ್ಲಿದ್ದಷ್ಟು ಚೆನ್ನಾಗಿ ಕಾಣುತ್ತಿಲ್ಲ.

ಅವನ ಹೆಂಡತಿ ಟೆಂಪಿ, ಟಟ್ ಮನೆಯ ಅಡುಗೆಯವಳು. ತಿಂಗಳಿಗೊಮ್ಮೆ, ದಾರಿಯಲ್ಲಿ ತಡೆದವರಿಗೆ ತೋರಿಸಲು ಚೀಟಿ ಬರೆದುಕೊಟ್ಟು, ನೋಡಿ ಬರಲು ಕಳಿಸುತ್ತೇನೆ. ಅವನು ಸುಖವಾಗಿದ್ದಾನೆ. ಕೆಲಸ ಮಾಡುವಾಗ ಹಾಡುತ್ತಿರುತ್ತಾನೆ.

ಆರಿನ್

*

ಸ್ಯಾಂಡಿ ಬ್ರೂಕ್
೧೮೫೫ ಮೇ ೬

ತಮ್ಮಾ,

ಹಾಡಿದರೆ ಸುಖ ಎಂದು ನಿನಗೆ ಯಾರು ಹೇಳಿದರು? ಚಿಕ್ಕಂದಿನಲ್ಲಿ ನೀನು ಹಾಡುತ್ತಿದ್ದದ್ದು ಹಲ್ಲುನೋವು ಬಂದಾಗ ಮಾತ್ರ.

ಆ ಬಾಡಿಗೆ ಕುದುರೆಯ ಮಾತು ಓದಿ ಒಂದು ಕ್ಷಣ ಒಪ್ಪಿಬಿಟ್ಟಿದ್ದೆ. ಆಮೇಲೆ ಆ ಕುದುರೆಗೆ ಹೆಂಡತಿ ಇದ್ದಾಳೆ ಎಂದು ನೆನಪಾಯಿತು. ಮತ್ತೆ “ಒಡೆಯ” ಎಂದು ಎಷ್ಟು ಸಲೀಸಾಗಿ ಬರೆದಿದ್ದೀಯ! ನಮ್ಮ ಪಾದ್ರಿಗಳು ಭಾನುವಾರ ಭಾನುವಾರ ಈ ದೇಶ ಒಡೆಯುತ್ತದೆ, ಒಡೆಯುತ್ತದೆ ಎಂದು ಗೋಳಾಡುತ್ತಾರೆ. ಇಷ್ಟು ಜನ ಒಡೆಯರಿರುವ ದೇಶ ಒಡೆಯದೆ ಇನ್ನೇನಾಗುತ್ತದೆ?

ಬಟ್ಟೆ ಕಳಿಸಿದ್ದೇನೆ. ಕಳಿಸಬಾರದೆಂದಿದ್ದೆ, ಆದರೆ ನಮ್ಮಿಬ್ಬರ ಜಗಳದಲ್ಲಿ ಮೈ ಬರಿದಾಗುವುದು ಮೂರನೆಯವನದು.

ನಿನ್ನ ಎರಡು ಪತ್ರಗಳಲ್ಲಿ ಐಶಮ್ ತೊಲೆಯ ಬಗ್ಗೆ ಮಾತಾಡಿದ್ದಾನೆ, ಒಲೆಯ ಬಗ್ಗೆ ಮಾತಾಡಿದ್ದಾನೆ. ಅವನ ಬಗ್ಗೆ ಅವನು ಮಾತಾಡಿದ್ದು ಒಂದಕ್ಷರವಿಲ್ಲ. ನನಗೆ ಗೊತ್ತಾಗಬೇಕು. ಅವನ ಎದುರಿಗೆ ನಿಂತು ಮುಂದಿನ ಸಾಲನ್ನು ಗಟ್ಟಿಯಾಗಿ ಓದು. ಮೇಷ್ಟರ ದನಿ ಬೇಡ.

ಐಶಮ್ ಅವರೇ, ನಿಮಗೆ ಏನು ಬೇಕು? ನಾನು ಫಿಲೀನಾ ಟಿಂಗ್ಲಿ. ನಿಮಗೆ ಗೊತ್ತಿಲ್ಲದವಳು. ಸುಮ್ಮನೆ, ತಿಳಿಯುವ ಆಸೆಗೆ ಕೇಳುತ್ತಿದ್ದೇನೆ.

ಫಿ.

*

ವಾಕರೂಸಾ
೧೮೫೫ ಜೂನ್ ೧೦

ಅಕ್ಕಾ,

ಓದಿದೆ. ಅವನು ಮಾಡಿನ ಮೇಲಿದ್ದ, ನಾನು ಕೆಳಗೆ. ಆದ್ದರಿಂದ ಹಳ್ಳದ ಆಚೆಯವರಿಗೂ ಕೇಳಿಸಿರಬೇಕು.

“ಇನ್ನೊಂದ್ಸಲ ಓದಿ,” ಅಂದ. ಓದಿದೆ.

“ಏನ್ ಬೇಕು ಅಂದ್ರೆ? ಮೊಳೆ ಬೇಕಾ ಅಂತಾನಾ?”

“ಮೊಳೆ ಅಲ್ಲ. ಸುಮ್ನೆ. ನಿನಗೆ ಏನು ಬೇಕು ಅಂತ.”

ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ. “ನಿಮ್ ಅಕ್ಕೋರಿಗೆ ಮದುವೆ ಆಗಿದ್ಯಾ?”

“ಇಲ್ಲ.”

“ಹಂಗನ್ನಿ. ಅದಕ್ಕೇ ಪುರುಸೊತ್ತಿದೆ.”

ಇದನ್ನು ನಾನು ಬರೆಯದೆ ಬಿಡಬಹುದಿತ್ತು. ಆದರೆ ನೀನು ನನ್ನ ಹಲ್ಲುನೋವಿನ ಸುದ್ದಿ ಎತ್ತಿದ್ದೆಯಲ್ಲ.

ಆಮೇಲೆ ಕೆಳಗಿಳಿದು ಬಂದ. ನಿನ್ನ ಬಟ್ಟೆಯ ಗಂಟು ಬಾಗಿಲಲ್ಲೇ ಬಿದ್ದಿತ್ತು. ಅಂಚನ್ನು ಹಿಡಿದು ಉಜ್ಜಿದ.

“ಅವರೊಂದು ಕೇಳಿದಾರೆ, ನಾನೊಂದು ಕೇಳ್ತೀನಿ. ಲೆಕ್ಕ ಚುಕ್ತಾ ಆಗ್ಲಿ. ಚಿಕ್ಕೋನಿದ್ದಾಗಿಂದ್ಲೂ ನನಗೊಂದು ಅನುಮಾನ. ಈ ಬಟ್ಟೆ ಮಾಡ್ತಾರಲ್ಲ, ಅವರು ಒಂದ್ ಸಲನಾದ್ರೂ ಮೈಗೆ ಹಾಕ್ಕೊಂಡ್ ನೋಡಿದಾರಾ? ಹಾಕ್ಕೊಂಡ್ ನೋಡಿನೂ ಹಿಂಗೇ ಮಾಡ್ತಾರಾ, ಇಲ್ಲ ನೋಡ್ದೇ ಮಾಡ್ತಾರಾ? ನಾನೂ ಟೆಂಪಿನೂ ಇದರ ಮೇಲೆ ಜಗಳ ಆಡಿದೀವಿ. ಅವಳು ನೋಡಿರ್ತಾರೆ ಅಂತಾಳೆ. ನಾನು, ಪಾಪ, ನೋಡಿರಲ್ಲ ಅಂತೀನಿ. ಉತ್ತರ ಬರ್ಲಿ. ಆಮೇಲೆ ನನಗೇನ್ ಬೇಕು ಅಂತ ಹೇಳ್ತೀನಿ.”

ಅದನ್ನು ನೇಯುವವಳು ನೀನೇ ಎಂದು ನಾನು ಅವನಿಗೆ ಹೇಳಲಿಲ್ಲ. ಏಕೆ ಹೇಳಲಿಲ್ಲವೆಂದು ನನಗೂ ತಿಳಿಯದು.

ಆರಿನ್

*

ಸ್ಯಾಂಡಿ ಬ್ರೂಕ್
೧೮೫೫ ಜುಲೈ ೮

ಆರಿನ್,

ಇದನ್ನು ಇಬ್ಬರೂ ಕೂತು ಓದಿ.

ಐಶಮ್ ಅವರ ಪ್ರಶ್ನೆ ಬಂದ ವಾರ ನಾನು ನನ್ನ ಮಗ್ಗದ ತುಂಡಿನಲ್ಲೇ ಒಂದು ಒಳಂಗಿ ಹೊಲಿದು, ಭಾನುವಾರ ಒಳ್ಳೆಯ ಉಡುಪಿನ ಕೆಳಗೆ ಹಾಕಿಕೊಂಡು ಚರ್ಚಿಗೆ ಹೋದೆ. ಮೊದಲನೆಯ ಕೀರ್ತನೆಯವರೆಗೆ ಏನೂ ಇಲ್ಲ. ಆಮೇಲೆ ಬೆವರು ಬಂತು ನೋಡು! ಮುಳ್ಳುಹಂದಿಯನ್ನು ತಬ್ಬಿಕೊಂಡಂತೆ. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ಪಾದ್ರಿಗಳು ಗುಲಾಮಗಿರಿಯ ಪಾಪದ ಬಗ್ಗೆ ಭಾರೀ ಉಪದೇಶ ಮಾಡುತ್ತಿದ್ದರು. ನನ್ನ ಒದ್ದಾಟ ನೋಡಿ ಪವಿತ್ರಾತ್ಮವೇ ಮೈಮೇಲೆ ಬಂದಿದೆಯೆಂದು ಅವರಿಗೆ ಹುರುಪು ಏರಿ ಅರ್ಧ ಗಂಟೆ ಲಂಬಿಸಿದರು. ಪಕ್ಕದ ಶ್ರೀಮತಿ ಡೋರ್ಕಸ್‌ಗೆ ಬೇರೆ ಅನುಮಾನ ಬಂದು ತನ್ನ ಮಗಳನ್ನು ದೂರ ಎಳೆದುಕೊಂಡಳು. ನಮ್ಮ ಗಿರಣಿಯ ಯಜಮಾನರು ಮುಂದಿನ ಸಾಲಿನಲ್ಲಿ ಕೂತು ಪಾಪದ ಬಗ್ಗೆ ಕಣ್ಣೊರೆಸಿಕೊಳ್ಳುತ್ತಿದ್ದರು, ರೇಷ್ಮೆಯ ಕರವಸ್ತ್ರದಲ್ಲಿ. ಕೊನೆಗೆ ನಾನು ಎಲ್ಲರೆದುರು ಎರಡೂ ಕೈಯಲ್ಲಿ ಕೆರೆದುಕೊಂಡೆ.

ಐಶಮ್ ಅವರೇ, ಈ ಬಟ್ಟೆ ನೇಯುವವಳು ನಾನೇ. ನೀವೇ ಗೆದ್ದಿರಿ: ನೋಡದೇ ಮಾಡುತ್ತಿದ್ದೆವು. ಸೋಮವಾರ ಮೇಲ್ವಿಚಾರಕನ ಹತ್ತಿರ ಹೋಗಿ, ಉಣ್ಣೆಯನ್ನು ಇನ್ನೊಂದು ಸಲ ತೊಳೆದರೆ ಮುಳ್ಳು ಬಿಡುತ್ತದೆ ಅಂದೆ. “ಉಡೋರು ಯಾರೂ ದೂರು ಕೊಟ್ಟಿಲ್ವಲ್ಲ ಫಿಲೀನಾ,” ಅಂದ. “ಅವರಿಗೆ ಓದುಬರಹ ಕಲಿಸಿ ಅಂಚೆ ಖರ್ಚು ಕೊಟ್ಟು ನೋಡಿ, ಕೊಡ್ತಾರೆ,” ಅಂದೆ. ನಕ್ಕ. ನಾನು ಕೆಲಸ ಬಿಟ್ಟಿಲ್ಲ. ಬಿಟ್ಟಿದ್ದರೆ ಪತ್ರ ಇನ್ನೂ ಚೆನ್ನಾಗಿರುತ್ತಿತ್ತು, ಗೊತ್ತು. ನನ್ನ ಮಗ್ಗಕ್ಕೆ ಬರುವವಳು ಬಾಗಿಲಲ್ಲೇ ಕಾದಿದ್ದಾಳೆ, ನನಗೆ ಕಾದಿರುವ ಇನ್ನೊಂದು ಬಾಗಿಲು ಕಾಣುತ್ತಿಲ್ಲ.

ಈಗ ನಿಮ್ಮ ಸರದಿ.

ಫಿಲೀನಾ

*

ವಾಕರೂಸಾ
೧೮೫೫ ಅಕ್ಟೋಬರ್ ೩

ಅಕ್ಕಾ,

ತಡವಾಯಿತು. ಜ್ವರ, ಕೊಯ್ಲು, ಮತ್ತೆ ಜ್ವರ. ಮನೆ ಮುಗಿದಿದೆ. ಹೊಗೆಗೂಡು ಮಾತ್ರ ಅರ್ಧ ಬಾಕಿ.

ಚರ್ಚಿನ ಭಾಗವನ್ನು ಐಶಮ್ ಮತ್ತೆ ಮತ್ತೆ ಓದಿಸಿದ. “ಅಕ್ಕೋರು ಕೆರ್ಕೊಂಡ್ರಾ?” “ಕೆರ್ಕೊಂಡ್ಳು.” “ಎಲ್ಲರ ಮುಂದೇನೇ?” “ಎಲ್ಲರ ಮುಂದೆ.” ದಿನವಿಡೀ ನೆನೆಸಿಕೊಂಡು ನೆನೆಸಿಕೊಂಡು ನಕ್ಕ. ಸಂಜೆ ಬಾಗಿಲು ಕೂಡಿಸುತ್ತಾ, ನಾನು ಕೇಳದೆಯೇ ಹೇಳಿದ.

“ಇಷ್ಟು ಮನೆ ಕಟ್ಟಿದೀನಿ. ಒಂದ್ರಲ್ಲೂ ಒಳಗಡೆಯಿಂದ ಅಗುಳಿ ಹಾಕ್ಕೊಂಡು ಮಲಗಿಲ್ಲ. ನಾನು, ಟೆಂಪಿ, ಒಳಗಡೆ. ಅಗುಳಿ ನಮ್ ಕೈಲಿ. ಯಾರೇ ಬಂದು ತಟ್ಟಲಿ, ತೆಗೀಬೇಕಾ ಬೇಡ್ವಾ ಅಂತ ನಾವು ಯೋಚ್ನೆ ಮಾಡ್ಬೇಕು. ಅದು ಬೇಕು. ಬರ್ಕೊಳಿ.”

ಬರೆದುಕೊಂಡೆ. ಅದಾಗಿ ವಾರಕ್ಕೆ ಟಟ್ ಬಂದರು. ಮಗಳಿಗೆ ಮದುವೆ ಗೊತ್ತಾಗಿದೆಯಂತೆ, ಬಹಳ ಗೆಲುವಾಗಿದ್ದರು.

“ಹೊಸವರ್ಷ ಕಳೀತಿದ್ದಂಗೆ ಅಳಿಯ ಟೆಕ್ಸಸ್ಸಿಗೆ ಹೊರಡ್ತಾನೆ. ನೆಲ ಅಂದ್ರೆ ನೆಲ ಮೇಷ್ಟ್ರೇ ಅಲ್ಲಿ, ಹತ್ತಿಗೆ ಹೇಳಿ ಮಾಡ್ಸಿದ್ದು! ಮಗಳ ಜೊತೆ ಬಳುವಳಿಗೆ ಟೆಂಪಿನ ಕಳಿಸ್ತಿದೀನಿ. ಅವಳ ಕೈ ರೊಟ್ಟಿ ಬಿಟ್ರೆ ನಮ್ ಮಗು ಇನ್ನೇನೂ ಮುಟ್ಟಲ್ಲ.”

“ಐಶಮ್?”

“ಅವನ್ಯಾಕೆ ಹೋಗ್ತಾನೆ? ಬಡಗಿ ನನಗೆ ಬೇಕು. ನಿನಗೆ ಬೇಕಿದ್ರೆ ಇನ್ನೊಂದ್ ವರ್ಷ ಇಟ್ಕೊ.”

ಐಶಮ್ ಅಲ್ಲೇ ಗೋಡೆಯ ಸಂದಿಗೆ ಮಣ್ಣು ಮೆತ್ತುತ್ತಿದ್ದ. ಅವನ ಕೈ ನಿಲ್ಲಲಿಲ್ಲ. ಆ ಸಂದಿ ತುಂಬಿದ ಮೇಲೂ ಅಲ್ಲೇ ಮೆತ್ತುತ್ತಿದ್ದ.

ಇನ್ನೊಂದು ವರ್ಷಕ್ಕೆ ಒಪ್ಪಿಕೊಳ್ಳೋಣ ಎಂದು ನನ್ನ ಯೋಚನೆ. ಇಲ್ಲಿ ಅವನಿಗೆ ಊಟ ಚೆನ್ನಾಗಿದೆ, ಬೈಯುವವರಿಲ್ಲ. ನೀನು ಬೇರೇನೋ ಹೇಳುತ್ತೀಯೆಂದು ಗೊತ್ತು. ಹೇಳುವ ಮೊದಲು ಇಷ್ಟು ತಿಳಿದುಕೋ. ಅವನು ನನ್ನ ಕೈಯಿಂದ ತಪ್ಪಿಸಿಕೊಂಡರೆ, ನಮ್ಮ ಕರಾರಿನಂತೆ, ಈ ಮನೆಯೂ ನೆಲವೂ ಟಟ್ ಪಾಲಿಗೆ. ಮತ್ತೆ, ಗೊರಕೆ ಹೊಡೆದು ಮತ ಹಾಕಿದವರು ಆರಿಸಿದ ಸಭೆ ಹೊಸ ಕಾನೂನು ಮಾಡಿದೆ: ಗುಲಾಮನನ್ನು ಓಡಿಸಿದವನಿಗೆ ನೇಣು.

ಆರಿನ್

*

ಸ್ಯಾಂಡಿ ಬ್ರೂಕ್
೧೮೫೫ ನವೆಂಬರ್ ೧

ಆರಿನ್,

ಅವನು ಹೇಳಿದ್ದನ್ನು ಬರೆದುಕೊಂಡೆಯಲ್ಲ, ಬರೆದುಕೊಂಡದ್ದನ್ನು ಓದಿಕೊಂಡೆಯಾ? “ನಾನು, ಟೆಂಪಿ” ಎಂದು ಎರಡು ಹೆಸರಿವೆ. ನಿನ್ನ ಯೋಚನೆಯಲ್ಲಿ ಒಂದೇ ಇದೆ.

ನೇಣಿಗೆ ಕೊರಳು ಕೊಡು ಎಂದು ನಾನು ಬರೆಯಲಾರೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆದರೆ ಸುಮ್ಮನಿರು ಎಂದೂ ಬರೆಯಲಾರೆ. ಅದಕ್ಕೇ ಈ ಸಲ ನನ್ನ ಹತ್ತಿರ ಇರುವುದು ಒಂದೇ ಪ್ರಶ್ನೆ. ಏನು ಮಾಡುತ್ತೀಯ?

ಫಿಲೀನಾ

*

ವಾಕರೂಸಾ
೧೮೫೫ ಡಿಸೆಂಬರ್ ೧೨

ಪ್ರಿಯ ಸಹೋದರಿ,

ನಾನು ಕ್ಷೇಮ. ಹವೆ ಚೆನ್ನಾಗಿದೆ, ಎಂದರೆ ಬಹಳ ಚಳಿ. ಹೋದ ವಾರ ಲಾರೆನ್ಸ್ ಊರಿನ ಸುತ್ತ ಎರಡೂ ಕಡೆಯವರು ಬಂದೂಕು ಹಿಡಿದು ಕೂತಿದ್ದರು. ಈಗ ಎದ್ದು ಹೋಗಿದ್ದಾರೆ.

ಟಟ್ ಅವರಂಥ ನೆರೆಯವರು ಸಿಗುವುದು ನನ್ನ ಪುಣ್ಯ. ಮೊನ್ನೆ ಅವರ ಮನೆಗೆ ಹೋಗಿ ಹಂದಿಮಾಂಸವೂ ಜೋಳದ ರೊಟ್ಟಿಯೂ ಹೊಟ್ಟೆ ಬಿರಿಯುವಂತೆ ತಿಂದು ಬಂದೆ. ಹೊಗೆಗೂಡಿನ ಕೆಲಸ ಮುಗಿದಿಲ್ಲವಾದ್ದರಿಂದ ಐಶಮ್ ಹಬ್ಬದ ವಾರವೂ ಇಲ್ಲೇ ಉಳಿಯುತ್ತಾನೆ. ಹಬ್ಬದಲ್ಲಿ ಗಂಡಹೆಂಡಿರನ್ನು ಸೇರಿಸುವುದು ಇಲ್ಲಿಯ ರೂಢಿಯಾದ್ದರಿಂದ, ಟೆಂಪಿಯನ್ನೇ ಇತ್ತ ಕಳಿಸಬೇಕೆಂದು ಬೇಡಿಕೊಂಡೆ. ನನಗೂ ಹಬ್ಬದಡುಗೆ ಆಗುತ್ತದಲ್ಲ. ಅವರು ತೊಡೆ ತಟ್ಟಿಕೊಂಡು ನಕ್ಕರು. “ನೋಡ್ರೋ, ಯಾಂಕಿಗೆ ರುಚಿ ಹತ್ತಿತು! ಮೊದ್ಲು ಬಡಗಿ, ಈಗ ಅಡುಗೆಯವಳು. ಮುಂದಿನ್ ವರ್ಷ ಕಾಲೊತ್ತೋನು ಬೇಕು ಅಂತಾನೆ!” ಎಂದು ಒಪ್ಪಿದರು. ಹೊಸವರ್ಷದ ದಿನ ಇಬ್ಬರನ್ನೂ ತಪ್ಪದೆ ಅವರ ಮನೆಗೆ ತಲುಪಿಸುತ್ತೇನೆ.

ಇನ್ನು ಮುಂದೆ ಪ್ರಶ್ನೆಗಳನ್ನು ಬರೆಯಬೇಡ. ಉತ್ತರಿಸಲು ನನಗೆ ಸಮಯವಿಲ್ಲ.

ಇಂತಿ ನಿನ್ನ ವಿಶ್ವಾಸಿ
ಆರಿನ್ ಟಿಂಗ್ಲಿ

*

ಸ್ಯಾಂಡಿ ಬ್ರೂಕ್
೧೮೫೬ ಜನವರಿ ೪

ಆರಿನ್ ಟಿಂಗ್ಲಿ ಅವರಿಗೆ,

ನಿಮ್ಮ ಪತ್ರ ತಲುಪಿತು. “ಪ್ರಿಯ ಸಹೋದರಿ”ಗೆ ತುಂಬಾ ಸಂತೋಷವಾಯಿತು. ಹಂದಿಮಾಂಸ ಜೀರ್ಣವಾಗಿದೆಯೆಂದು ಭಾವಿಸುತ್ತೇನೆ.

ಟೆಕ್ಸಸ್ಸಿಗೆ ಹೊರಡುವ ಮುನ್ನ ಗಂಡನ ಜೊತೆ ಕಳೆಯಲು ಸಿಕ್ಕ ಕೊನೆಯ ವಾರದಲ್ಲಿ ಆ ಹೆಂಗಸು ನಿನಗೆ ರೊಟ್ಟಿ ಸುಡಬೇಕು. ಇದು ನಿನ್ನ ತಲೆಗೆ ಹೊಳೆಯಿತೋ, ಹೊಟ್ಟೆಗೆ ಹೊಳೆಯಿತೋ? ಕ್ಷಮಿಸು, ಪ್ರಶ್ನೆ ಬೇಡ ಎಂದಿದ್ದೀಯ. ಸಮಯ ಇದ್ದಾಗ ತಿಳಿಸು: ಕಾಲೊತ್ತುವವನು ಸಿಕ್ಕನೇ?

ನನ್ನ ತಮ್ಮ ಗುಲಾಮಗಿರಿ ಬೇಡ ಎನ್ನಲು ಅಲ್ಲಿಗೆ ಹೋಗಿದ್ದ. ಅವನು ಎಲ್ಲಾದರೂ ಕಂಡರೆ ಅಕ್ಕ ವಿಚಾರಿಸಿದಳೆಂದು ಹೇಳು.

ಫಿ. ಟಿಂಗ್ಲಿ

*

ಲಾರೆನ್ಸ್ ಊರು, ಪರಿಚಯದವರೊಬ್ಬರ ಡೇರೆ
೧೮೫೬ ಜನವರಿ ೯

ಅಕ್ಕಾ,

ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ. ಬಾಸ್ಟನ್ನಿಗೆ ಹೊರಟ ಸ್ನೇಹಿತರೊಬ್ಬರ ಬೂಟಿನೊಳಗೆ ಬರುತ್ತಿದೆ. ವಾಸನೆಗೆ ಕ್ಷಮೆ ಇರಲಿ. ನಮ್ಮ ಅಂಚೆಚೀಲಗಳು ಮಿಸ್ಸೂರಿಯ ಮೇಲೆ ಹೋಗುತ್ತವೆ. ಈ ಚಳಿಗಾಲದಲ್ಲಿ ಅಲ್ಲಿ ಓದುವ ಹವ್ಯಾಸ ಬಹಳ ಬೆಳೆದಿದೆ. ಡಿಸೆಂಬರಿನ ನನ್ನ ಪತ್ರವನ್ನು ನಾನು ಬರೆದದ್ದು ನಿನಗಲ್ಲ, ಆ ಓದುಗರಿಗೆ. ನೀನು ನಂಬಿದ್ದರೆ ಅವರೂ ನಂಬಿರುತ್ತಾರೆ. ನಿನ್ನಿಂದ ಒಂದು ಬೈಗುಳದ ಪತ್ರ ಹೊರಟಿರಬೇಕು; ಬಂದ ಮೇಲೆ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ವಿಳಾಸ ಬದಲಾಯಿಸಿಕೋ. ಮನೆ ಹೋಯಿತು, ನೆಲವೂ ಹೋಯಿತು.

ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ಟೆಂಪಿ ಹಬ್ಬ ಮುಗಿಯುವ ಹೊತ್ತಿಗೆ ಬಂದಳು. ಗಟ್ಟಿ ಹೆಂಗಸು. ಬಂದವಳೇ ಮನೆಯನ್ನು ಒಂದು ಸುತ್ತು ನೋಡಿ, “ಹೊಗೆಗೂಡು ಓರೆ ಇದೆ,” ಅಂದಳು ಗಂಡನಿಗೆ. “ಬೇಕಂತ್ಲೇ ಓರೆ ಇಟ್ಟಿದೀನಿ ಕಣೆ. ಬೇಗ ಮುಗಿಸಿದ್ರೆ ನಿನ್ನ ಕರೆಸೋದು ಹೆಂಗೆ?” ಅಂದ ಅವನು. ಆ ಉಪಾಯ ನನ್ನದೆಂದು ನಾನು ಅಲ್ಲಿಯವರೆಗೆ ತಿಳಿದುಕೊಂಡಿದ್ದೆ. ಯೋಚಿಸಿ ನೋಡಿದರೆ, ಹಬ್ಬದಡುಗೆಯ ಮಾತನ್ನು ನನ್ನ ಬಾಯಿಗೆ ಮೊದಲು ಇಟ್ಟವನು ಅವನೇ.

ನಾನು ಅವರಿಬ್ಬರನ್ನು ಓಡಿಸಿದೆ ಎಂದುಕೊಳ್ಳಬೇಡ. ನಾನು ನಿನ್ನ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಇನ್ನೂ ತೂಗುತ್ತಾ ಕೂತಿದ್ದಾಗ ಅವರ ಗಂಟು ಕಟ್ಟಿಯಾಗಿತ್ತು. ನಮ್ಮ ಉತ್ತರಕ್ಕಿರುವ ಕಾ ಎಂಬ ನದಿ ದಡದಿಂದ ದಡಕ್ಕೆ ಹೆಪ್ಪುಗಟ್ಟಿದೆ. ಅಂಬಿಗನನ್ನು ಕರೆಯಬೇಕಾಗಿಲ್ಲ, ಚೀಟಿ ತೋರಿಸಬೇಕಾಗಿಲ್ಲ. ಉತ್ತರಕ್ಕೆ ನದಿ ದಾಟಿ, ನೆಬ್ರಾಸ್ಕಾ ಹಾದು, ಗುಲಾಮಗಿರಿ ಇಲ್ಲದ ಅಯೋವಾಕ್ಕೆ. ಹೊಸವರ್ಷದ ಬೆಳಿಗ್ಗೆ, ಆಳುಗಳೆಲ್ಲ ಮನೆಯಿಂದ ಮನೆಗೆ ನಡೆಯುವ ದಿನ, ಹೊರಟು ನಿಂತರು. ಆಗ ಐಶಮ್ ನನ್ನನ್ನು ಕೇಳಿದ್ದು ಒಂದೇ ಮಾತು.

“ಅವರು ಬಂದು ಕೇಳಿದ್ರೆ ಏನ್ ಹೇಳ್ತೀರಿ?”

“ನನಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ ಐಶಮ್,” ಅಂದೆ. ನಿಜವನ್ನೇ ಹೇಳಿದೆ.

“ಅಭ್ಯಾಸ ಮಾಡ್ಕೊಳಿ,” ಅಂದ. “ನಾಳೆ ತನಕ ಟೈಮಿದೆ.”

ಟೆಂಪಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಹಿಟ್ಟಿನ ಚೀಲವನ್ನು ಹೆಗಲಿಗೇರಿಸಿದಳು. ಸರಿಯಾಗಿಯೇ ಮಾಡಿದಳು.

ಅವರು ಹೋದ ಮೇಲೆ ನೋಡಿದರೆ ಹಿಮದಲ್ಲಿ ನಾಲ್ಕು ಕಾಲಿನ ಗುರುತು, ಬಾಗಿಲಿನಿಂದ ಉತ್ತರಕ್ಕೆ, ನೂಲು ಎಳೆದಂತೆ. ಎತ್ತುಗಳನ್ನು ಬಿಚ್ಚಿ ಅದರ ಮೇಲೆಯೇ ನದಿಯವರೆಗೆ ಹೊಡೆದುಕೊಂಡು ಹೋದೆ, ಹೊಡೆದುಕೊಂಡು ಬಂದೆ. ಅವುಗಳಿಗೆ ನೀರಿರುವುದು ದಕ್ಷಿಣದ ಹಳ್ಳದಲ್ಲಿ ಎಂದು ಗೊತ್ತು. ದಾರಿಯುದ್ದಕ್ಕೂ ನನ್ನ ಮುಖ ನೋಡಿದವು. ಅವುಗಳಿಗೇ ಮೊದಲ ಸುಳ್ಳು ಹೇಳಿದೆ: ಆ ಕಡೆ ಹುಲ್ಲಿದೆ ಎಂದು. ದನಿ ನಡುಗಿತು. ರಾತ್ರಿ ಗೋಡೆಗೆ ಹೇಳಿ ನೋಡಿದೆ. ಸ್ವಲ್ಪ ಸುಧಾರಿಸಿತು.

ಮಾರನೆಯ ದಿನ ಟಟ್ ಬಂದರು, ಜೊತೆಗೆ ಅಳಿಯನಾಗುವವನು, ಇನ್ನೂ ನಾಲ್ವರು, ನಾಯಿಗಳು. ಆ ಟಟ್ ಬೇರೆ. ನನ್ನ ಕಾಫಿ ಕುಡಿದವರಲ್ಲ, ನನಗೆ ಗಂಜಿ ಕುಡಿಸಿದವರೂ ಅಲ್ಲ. ಕುದುರೆಯಿಂದ ಇಳಿಯಲಿಲ್ಲ.

“ಎಲ್ಲಿ?”

“ಹೋದರು,” ಅಂದೆ. “ನನ್ನ ಹಿಟ್ಟಿನ ಚೀಲ ಹೊತ್ಕೊಂಡು ಹೋದರು! ನಾನು ಎದ್ದು ಬರೋಷ್ಟರಲ್ಲಿ ಇಲ್ಲ. ಮನೆ ಹೋಯ್ತು, ನೆಲ ಹೋಯ್ತು, ನಾನೇನ್ ಮಾಡ್ಲಿ ಟಟ್ ಅವರೇ?” ಅಳು ಬಂತು. ಅದನ್ನು ಅಭ್ಯಾಸ ಮಾಡಿರಲಿಲ್ಲ, ಅದು ನಿಜವಾದದ್ದು. ಮನೆ ಕಳೆದುಕೊಂಡವನು ಸುಳ್ಳು ಹೇಳುತ್ತಾನೆಂದು ಅವರಿಗೆ ಹೊಳೆಯಲಿಲ್ಲ.

ಅಳಿಯ ಬಂದೂಕಿನ ತುದಿಯಿಂದ ನನ್ನ ಗದ್ದ ಎತ್ತಿದ. “ಯಾವ್ ಕಡೆ ಹೋದ್ರು ಅಂತ ಹೇಳು.”

ಆಗಲೂ ನನಗೆ ಏನು ಹೇಳುತ್ತೇನೆಂದು ಗೊತ್ತಿರಲಿಲ್ಲ, ಅಕ್ಕಾ. ಸತ್ಯವಾಗಿ. ಗೋಡೆಯ ಮುಂದೆ ಹೇಳಿಕೊಂಡದ್ದೆಲ್ಲ ಮರೆತುಹೋಯಿತು. ಕೈ ತಾನಾಗಿಯೇ ಎದ್ದು ಪಶ್ಚಿಮಕ್ಕೆ ತೋರಿಸಿತು. ಮರವಿಲ್ಲ, ಮನೆಯಿಲ್ಲ, ದಾರಿಯಿಲ್ಲ, ಹಿಮದ ಮೇಲೊಂದು ಗೀರು ಕೂಡ ಇಲ್ಲದ ಬಯಲು. ಇಷ್ಟು ಕೆಟ್ಟ ಸುಳ್ಳನ್ನು ನನ್ನ ಶಾಲೆಯ ಮಕ್ಕಳೂ ಹೇಳುತ್ತಿರಲಿಲ್ಲ.

“ಅಲ್ಲಿ ಹೆಜ್ಜೆ ಗುರುತೇ ಇಲ್ವಲ್ಲ,” ಅಂದ ಒಬ್ಬ.

ಟಟ್ ಅವನನ್ನು ಗದರಿದರು. ಅವರ ವಂಶವೇ ತಲೆಮಾರಿಗೊಮ್ಮೆ ಪಶ್ಚಿಮಕ್ಕೆ ಸರಿದದ್ದು: ತಾತ ವರ್ಜೀನಿಯಾದಿಂದ ಹೊರಟವರು, ಅಪ್ಪ ಕೆಂಟಕಿಯಿಂದ, ತಾವು ಮಿಸ್ಸೂರಿಗೆ, ಮಗಳು ಟೆಕ್ಸಸ್ಸಿಗೆ. “ರಾತ್ರಿ ಗಾಳಿ ಅಳಿಸಿರತ್ತೆ. ಪಶ್ಚಿಮಕ್ಕಲ್ದೆ ಮತ್ತೆಲ್ಲಿಗೆ ಹೋಗ್ತಾರೋ, ದಡ್ಡ? ಮನೆ ಬಿಟ್ಟೋರು ಯಾರೇ ಆಗ್ಲಿ, ಮತ್ತೆಲ್ಲಿಗೆ ಹೋಗ್ತಾರೆ?” ಎಂದು ಕುದುರೆ ತಿರುಗಿಸಿದರು.

ಆರೂ ಕುದುರೆಗಳು ಸೂರ್ಯ ಮುಳುಗುವ ಕಡೆ ಸಣ್ಣದಾಗುತ್ತಾ ಹೋದವು. ಅವು ಕಣ್ಣಿಗೆ ಕಾಣದಂತಾದ ಎಷ್ಟೋ ಹೊತ್ತಿನ ಮೇಲೆ, ಚಳಿಗೆ ಬೆರಳು ಮರಗಟ್ಟಿದಾಗಲೇ ನನಗೆ ತಿಳಿದದ್ದು, ಕೈಯನ್ನು ಇನ್ನೂ ಇಳಿಸಿರಲಿಲ್ಲ.

ಆರಿನ್